ಗೀರು ತೆಗೆಯುವ ಯಂತ್ರ ಕೊಂಡಿದ್ದೀರಾ? ಸ್ವಲ್ಪ ತಡೆಯಿರಿ

ಹಳೆಯ ಸಿಡಿ, ಡಿವಿಡಿಗಳನ್ನು ಹೇಗೆ ಜೋಪಾನ ಮಾಡಬೇಕು ಅಂತ ಹೋದ ತಿಂಗಳು ಬರೆದಿದ್ದೆ. ಬಂದ ಪತ್ರಗಳಲ್ಲಿ ಜೋಪಾನದ ಮಾತು ಕಡಿಮೆ, ಗೀರಿನ ಮಾತೇ ಜಾಸ್ತಿ. ಅದರಲ್ಲೂ ಮನೆಯಲ್ಲೇ ಬಳಸುವ ಆ ಪುಟ್ಟ ಯಂತ್ರದ ಬಗ್ಗೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ನಾನು ಕೆಲಸದಲ್ಲಿದ್ದಾಗ ಒಂದು ಗ್ರಂಥಾಲಯದ ಧ್ವನಿ ವಿಭಾಗ ನೋಡಿಕೊಳ್ಳುತ್ತಿದ್ದವಳು. ಎರವಲು ಹೋದ ಡಿಸ್ಕ್ ಯಾವ್ಯಾವ ಅವತಾರದಲ್ಲಿ ವಾಪಸು ಬರುತ್ತದೆ ಅಂತ ನನ್ನನ್ನು ಕೇಳಿ. ಕಾರಿನ ಸೀಟಿನ ಕೆಳಗೆ ಬಿದ್ದು ಮಣ್ಣು ಮೆತ್ತಿಕೊಂಡದ್ದು, ಮಕ್ಕಳು ನೆಲದ ಮೇಲೆ ಜಾರಿಸಿ ಆಡಿದ್ದು, ಲೋಟ ಇಡುವ ತಟ್ಟೆ ಮಾಡಿಕೊಂಡದ್ದು, ಎಲ್ಲ ನೋಡಿದ್ದೇನೆ. ನಮ್ಮ ವಿಭಾಗದಲ್ಲೂ ಗೀರು ತೆಗೆಯುವ ಯಂತ್ರ ಇತ್ತು. ಅದು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಆದರೆ ಅದರ ಸರದಿ ಎಲ್ಲಕ್ಕಿಂತ ಕೊನೆಗೆ. ನೀವೆಲ್ಲ ಅದನ್ನೇ ಮೊದಲು ತೆಗೆಯುತ್ತಿದ್ದೀರಿ, ಅದೇ ನನ್ನ ತಕರಾರು.

ಪ್ರಶ್ನೆ: ಅಕ್ಕಾ, ನಮ್ಮ ಮದುವೆಯ ಡಿವಿಡಿ ಅರ್ಧಕ್ಕೆ ಬಂದು ನಿಂತುಬಿಡುತ್ತದೆ. ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ಆಮೇಲೆ ಅಲ್ಲಾಡುವುದೇ ಇಲ್ಲ. ಇರುವುದು ಇದೊಂದೇ ಪ್ರತಿ. ಹಿಡಿ ತಿರುಗಿಸಿ ಗೀರು ತೆಗೆಯುವ ಯಂತ್ರ ತರಿಸಿದ್ದೇವೆ. ಇವರು ಈಗಲೇ ಹಾಕೋಣ ಅಂತಾರೆ. ನನಗೆ ಧೈರ್ಯ ಬರುತ್ತಿಲ್ಲ.

ನಿಮ್ಮ ಅಂಜಿಕೆಯೇ ಸರಿ. ಸದ್ಯಕ್ಕೆ ಯಂತ್ರ ಪೆಟ್ಟಿಗೆಯಲ್ಲೇ ಇರಲಿ. ನಿಮ್ಮವರಿಗೂ ಇದನ್ನು ಓದಿ ಹೇಳಿ.

ಆ ಯಂತ್ರ ಗೀರಿಗೆ ಏನನ್ನೂ ತುಂಬುವುದಿಲ್ಲ. ಡಿಸ್ಕಿನ ಪ್ಲಾಸ್ಟಿಕ್ ಮೈಯನ್ನು ಸ್ವಲ್ಪ ಸ್ವಲ್ಪವೇ ಉಜ್ಜಿ ತೆಗೆಯುತ್ತದೆ, ಅಷ್ಟೆ. ಗೀರಿನ ಅಕ್ಕಪಕ್ಕದ ಪ್ಲಾಸ್ಟಿಕ್ ಸವೆದು ಗೀರಿನ ಆಳಕ್ಕೆ ಇಳಿದರೆ ಗೀರು ಹೋಯಿತು ಅಂತ ಲೆಕ್ಕ. ಪೂರ್ತಿ ಇಳಿಯದಿದ್ದರೂ ಗೀರಿನ ಚೂಪು ಅಂಚು ಮೊಂಡಾಗುತ್ತದೆ, ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಆದರೆ ಉಜ್ಜಿ ತೆಗೆದ ಪ್ಲಾಸ್ಟಿಕ್ ವಾಪಸು ಬರುವುದಿಲ್ಲ. ಒಂದೇ ಪ್ರತಿ ಇರುವಾಗ ವಾಪಸು ಬರದ ಕೆಲಸಕ್ಕೆ ಮೊದಲೇ ಕೈ ಹಾಕಬಾರದು.

ಇನ್ನೊಂದು ಸಮಾಧಾನದ ವಿಷಯ ಕೇಳಿ. ಡಿವಿಡಿ ಅಂದರೆ 0.6 ಮಿಲಿಮೀಟರ್ ದಪ್ಪದ ಎರಡು ಬಿಲ್ಲೆಗಳನ್ನು ಒಂದಕ್ಕೊಂದು ಅಂಟಿಸಿದ್ದು. ನಿಮ್ಮ ಮದುವೆ ಇರುವುದು ಆ ಎರಡರ ನಡುವೆ. ಕೆಳಮೈಯ ಗೀರು ಅಲ್ಲಿಯವರೆಗೆ ಮುಟ್ಟಿರುವುದಿಲ್ಲ. ಲೇಸರ್ ಕಿರಣ ಪ್ಲಾಸ್ಟಿಕ್ಕನ್ನು ಹೊಗುವಾಗ ಅಗಲವಾಗಿರುತ್ತದೆ. ಒಳಗೆ ಹೋಗುತ್ತಾ ಕಿರಿದಾಗಿ ಮಾಹಿತಿಯ ಪದರದ ಮೇಲೆ ಚುಕ್ಕಿಯಾಗಿ ಕೂರುತ್ತದೆ. ಕಿಟಕಿಯ ಸೊಳ್ಳೆ ಜಾಲರಿಗೆ ಕಣ್ಣು ಹತ್ತಿರ ಇಟ್ಟು ಹೊರಗಿನ ಮರ ನೋಡಿ. ಜಾಲರಿ ಕಾಣುವುದೇ ಇಲ್ಲ, ಅಲ್ವಾ? ಲೇಸರಿಗೂ ಸಣ್ಣಪುಟ್ಟ ಗೀರು ಹಾಗೇ ಕಾಣದೆ ಹೋಗುತ್ತದೆ. ಮೈ ತುಂಬ ಗೀರಿದ್ದರೂ ಸರಾಗವಾಗಿ ಓಡುವ ಡಿಸ್ಕುಗಳು ಇರುವುದು ಇದಕ್ಕೇ. ಆದ್ದರಿಂದ ಗೀರು ಎಷ್ಟಿವೆ ಅಂತ ಎಣಿಸಬೇಡಿ. ಯಾವ ಗೀರು ತೊಂದರೆ ಕೊಡುತ್ತಿದೆ ಅಂತ ಹುಡುಕಿ.

ಹುಡುಕುವುದಕ್ಕೆ ಒಂದು ಸುಳಿವು ಕೊಡುತ್ತೇನೆ. ಡಿಸ್ಕ್ ಓಡುವುದು ಒಳಗಿನಿಂದ ಹೊರಕ್ಕೆ. ಹೊರಗಿನ ಸುತ್ತು ದೊಡ್ಡದು, ಅಲ್ಲಿ ಜಾಸ್ತಿ ಮಾಹಿತಿ ಹಿಡಿಯುತ್ತದೆ. ಹಾಗಾಗಿ ಪೂರ್ತಿ ತುಂಬಿದ ಒಂದು ಪದರದ ಡಿವಿಡಿಯಲ್ಲಿ ಅರ್ಧ ಅಂದರೆ ಮಾಹಿತಿ ಇರುವ ಪಟ್ಟಿಯ ಸರಿಮಧ್ಯ ಅಲ್ಲ. ಡಿಸ್ಕಿನ ಕೇಂದ್ರದಿಂದ ಸುಮಾರು 44 ಮಿಲಿಮೀಟರ್ ಹೊರಗೆ ಬರುತ್ತದೆ. ಸ್ಕೇಲ್ ಇಟ್ಟು ಆ ಜಾಗದಲ್ಲಿ ನೋಡಿ. ಅಲ್ಲಿ ಗಟ್ಟಿ ಗೀರು ಕಂಡರೆ ಕಳ್ಳ ಸಿಕ್ಕ. ಬರೀ ಬೆರಳಿನ ಜಿಡ್ಡು ಕಂಡರೆ ಇನ್ನೂ ಒಳ್ಳೆಯದು. ಏನೂ ಕಾಣದಿದ್ದರೆ ಗೀರಿನ ಮೇಲೆ ಸುಮ್ನೆ ಗೂಬೆ ಕೂರಿಸಬೇಡಿ. ಕೆಳಮೈ ನೇರಳೆ ಛಾಯೆಯಲ್ಲಿದ್ದರೆ ಅದು ಕಂಪ್ಯೂಟರಿನಲ್ಲಿ ಬರೆದ ಡಿಸ್ಕ್. ಅದರೊಳಗೆ ಬಣ್ಣದ ಒಂದು ಪದರ ಇರುತ್ತದೆ, ಬಿಸಿಲು ಮತ್ತು ಶಾಖಕ್ಕೆ ಅದು ವರ್ಷ ಕಳೆದಂತೆ ಮಂಕಾಗುತ್ತದೆ. ಹೊರಮೈಯನ್ನು ಎಷ್ಟೇ ಉಜ್ಜಿದರೂ ಒಳಗಿನ ಮಂಕು ಹೋಗುವುದಿಲ್ಲ.

ಈಗ ಮಾಡಬೇಕಾದ್ದು. ಪಾತ್ರೆ ತೊಳೆಯುವ ದ್ರವವನ್ನು ಒಂದೆರಡು ಹನಿ ನೀರಿಗೆ ಹಾಕಿ, ಬೆರಳ ತುದಿಯಲ್ಲಿ ಮೆಲ್ಲಗೆ ತೊಳೆಯಿರಿ. ಒಳ್ಳೆ ನೀರಿನಲ್ಲಿ ಜಾಲಿಸಿ. ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತು ಹಾಕಿ ಒರೆಸಬೇಡಿ, ಯಾಕೆ ಅಂತ ಮುಂದಿನ ಉತ್ತರದಲ್ಲಿದೆ. ಆಮೇಲೆ ಬೇರೆ ಪ್ಲೇಯರಿಗೆ ಹಾಕಿ ನೋಡಿ, ಕಂಪ್ಯೂಟರ್ ಡ್ರೈವಿಗೆ ಹಾಕಿ ನೋಡಿ. ಒಂದು ಡ್ರೈವ್ ಕೈಚೆಲ್ಲಿದ್ದನ್ನು ಇನ್ನೊಂದು ಸಲೀಸಾಗಿ ಓದುವುದು ದಿನನಿತ್ಯದ ಸಂಗತಿ. ನಮ್ಮ ವಿಭಾಗದಲ್ಲಿ ಒಂದು ಹಳೆಯ ನಿಧಾನದ ಡ್ರೈವ್ ಇತ್ತು. ಹೊಸ ಡ್ರೈವುಗಳು ಬಂದ ಮೇಲೂ ನಾನು ಅದನ್ನು ಎಸೆಯಲು ಬಿಡಲಿಲ್ಲ, ಕಷ್ಟದ ಡಿಸ್ಕುಗಳಿಗೆಲ್ಲ ಅದೇ ಗತಿ.

ಓದಿದರೆ ಆ ಕ್ಷಣವೇ ನಕಲು ಮಾಡಿಕೊಳ್ಳಿ. ಮಾಮೂಲಿ ರೀತಿ ಫೈಲ್ ಎಳೆದು ಹಾಕಿದರೆ ಕೆಟ್ಟ ಜಾಗ ಬಂದಾಗ ಕೆಲಸ ನಿಂತುಹೋಗುತ್ತದೆ. ಜಿಎನ್‌ಯು ಡಿಡಿರೆಸ್ಕ್ಯೂ ಅಂತ ಒಂದು ಉಚಿತ ತಂತ್ರಾಂಶ ಇದೆ, ಲಿನಕ್ಸಿನಲ್ಲಿ ಓಡುತ್ತದೆ. ಗೊತ್ತಿರುವವರ ಸಹಾಯ ತೆಗೆದುಕೊಳ್ಳಿ. ಅದು ಮೊದಲು ಸುಲಭವಾಗಿ ಓದಲು ಬರುವುದನ್ನೆಲ್ಲ ಬಾಚಿಕೊಳ್ಳುತ್ತದೆ. ಕೆಟ್ಟ ಜಾಗಗಳನ್ನು ಒಂದು ಕಡತದಲ್ಲಿ ಗುರುತು ಹಾಕಿಟ್ಟುಕೊಂಡು ಆಮೇಲೆ ತಿರುಗಿ ಬರುತ್ತದೆ. ಇದರ ಚೆಂದ ಏನು ಗೊತ್ತಾ? ಅದೇ ಗುರುತಿನ ಕಡತ ಇಟ್ಟುಕೊಂಡು ಡಿಸ್ಕನ್ನು ಬೇರೆ ಡ್ರೈವಿಗೆ ಹಾಕಿದರೆ, ಬಿಟ್ಟುಹೋದ ತುಣುಕುಗಳನ್ನು ಮಾತ್ರ ಓದಲು ನೋಡುತ್ತದೆ. ಒಂದು ಡ್ರೈವಿನಲ್ಲಿ ಸಿಕ್ಕದ್ದು, ಇನ್ನೊಂದರಲ್ಲಿ ಸಿಕ್ಕದ್ದು, ಎರಡೂ ಸೇರಿ ಒಂದೇ ಪ್ರತಿಯಾಗುತ್ತದೆ.

ಇಷ್ಟೆಲ್ಲ ಆಗಿ, ತಾಳಿ ಕಟ್ಟುವ ಹೊತ್ತಿನ ನಾಲ್ಕು ನಿಮಿಷ ಮಾತ್ರ ಬರುತ್ತಿಲ್ಲ ಅನ್ನಿ. ಆಗ ಯಂತ್ರವನ್ನು ಪೆಟ್ಟಿಗೆಯಿಂದ ತೆಗೆಯಿರಿ. ಒಂದು ಸುತ್ತು ಹಾಕಿ, ತೊಳೆದು, ಒಣಗಿಸಿ, ಅದೇ ಗುರುತಿನ ಕಡತದಿಂದ ಮತ್ತೆ ಓದಿಸಿ. ಉಜ್ಜಿದ್ದರಿಂದ ಕೆಟ್ಟರೂ ಆಗಲೇ ಕೈಗೆ ಬಂದದ್ದು ಎಲ್ಲೂ ಹೋಗುವುದಿಲ್ಲ. ಆಗ ನಿಮ್ಮವರೇ ಹಿಡಿ ತಿರುಗಿಸಲಿ, ನನ್ನ ಅಭ್ಯಂತರ ಇಲ್ಲ.

ಪ್ರಶ್ನೆ: ಮೇಡಂ, ಗೀರು ತೆಗೆಯಲು ಹೋಗಿ ಸಿಡಿಯ ಅಂದವನ್ನೇ ಕೆಡಿಸಿಕೊಂಡೆ. ಯಂತ್ರದಿಂದ ಹೊರಗೆ ತೆಗೆದರೆ ನಡುವಿನಿಂದ ಅಂಚಿನವರೆಗೆ ಒತ್ತೊತ್ತಾಗಿ ಸಣ್ಣ ಗೆರೆಗಳು. ಮೊದಲು ಇದ್ದದ್ದು ಒಂದೇ ಗೀರು, ಈಗ ಲೆಕ್ಕವೇ ಇಲ್ಲ. ಆದರೆ ಹಾಡು ಮಾತ್ರ ಜಿಗಿಯದೆ ಬರುತ್ತಿದೆ! ಇದು ಹೇಗೆ?

ನೀವು ಏನೂ ಕೆಡಿಸಿಲ್ಲ. ಆ ಗೆರೆಗಳು ಬರಬೇಕಾದದ್ದೇ.

ಸ್ಕಿಪ್‌ಡಾಕ್ಟರ್ ಥರದ ಯಂತ್ರಗಳಲ್ಲಿ ಡಿಸ್ಕ್ ನಿಧಾನವಾಗಿ ತಿರುಗುತ್ತದೆ. ಉಜ್ಜುವ ಚಕ್ರ ಮಾತ್ರ ಅದಕ್ಕೆ ಅಡ್ಡಲಾಗಿ, ನಡುವಿನಿಂದ ಅಂಚಿನ ದಿಕ್ಕಿನಲ್ಲಿ ಉಜ್ಜುತ್ತದೆ. ಹೀಗೆ ಮಾಡಿರುವುದು ಬೇಕೆಂದೇ.

ಸಿಡಿಯಲ್ಲಿ ಮಾಹಿತಿ ಒಂದೇ ಉದ್ದನೆಯ ಸುರುಳಿಯಾಗಿ ಒಳಗಿನಿಂದ ಹೊರಗೆ ಸುತ್ತಿಕೊಂಡಿರುತ್ತದೆ. ಬಿಡಿಸಿ ಇಟ್ಟರೆ 5 ಕಿಲೋಮೀಟರಿಗೂ ಉದ್ದ. ಒಂದು ಸುತ್ತಿಗೂ ಪಕ್ಕದ ಸುತ್ತಿಗೂ ಇರುವ ಅಂತರ ಬರೀ 1.6 ಮೈಕ್ರಾನ್. ನಡುವಿನಿಂದ ಅಂಚಿಗೆ ಹೋಗುವ ಗೀರು ಪ್ರತಿ ಸುತ್ತನ್ನೂ ಅಡ್ಡ ಹಾಯುತ್ತದೆ. ಅಂದರೆ ಪ್ರತಿ ಸುತ್ತಿನಲ್ಲೂ ಕೂದಲೆಳೆಯಷ್ಟು ಜಾಗ ಮಾತ್ರ ಕಾಣದೆ ಹೋಗುತ್ತದೆ. ಸುರುಳಿಯ ಜೊತೆಗೇ ಸುತ್ತುವ ಗೀರು ಹಾಗಲ್ಲ. ಒಂದೇ ಕಡೆಯ ಮಾಹಿತಿಯನ್ನು ಉದ್ದಕ್ಕೂ ಒಟ್ಟಿಗೆ ಮುಚ್ಚಿಬಿಡುತ್ತದೆ.

ಸಣ್ಣ ಸಣ್ಣ ನಷ್ಟವನ್ನು ಪ್ಲೇಯರ್ ತಾನೇ ಸರಿಮಾಡಿಕೊಳ್ಳುತ್ತದೆ. ಇದಕ್ಕೆ ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲೊಮನ್ ಎಂಬ ಇಬ್ಬರಿಗೆ ನಮಸ್ಕಾರ ಹೇಳಬೇಕು. ಅವರು 1960ರಲ್ಲಿ ಪ್ರಕಟಿಸಿದ ಗಣಿತ ಇದು. ಸಿಡಿ ಮಾರುಕಟ್ಟೆಗೆ ಬಂದದ್ದು 1982ರಲ್ಲಿ. ಹಾಡಿನ ಮಾಹಿತಿಯನ್ನು ಸಾಲಾಗಿ ಬರೆಯದೆ ಚದುರಿಸಿ ಬರೆಯುತ್ತಾರೆ, ಜೊತೆಗೆ ತಾಳೆ ನೋಡಲು ಹೆಚ್ಚುವರಿ ಸಂಖ್ಯೆಗಳನ್ನೂ ಸೇರಿಸುತ್ತಾರೆ. ಒಂದು ಕಡೆ ಅಳಿಸಿಹೋದರೆ ಉಳಿದ ಕಡೆಯದ್ದನ್ನು ನೋಡಿ ಲೆಕ್ಕ ಹಾಕಬಹುದು. ಸುರುಳಿಯ ಉದ್ದಕ್ಕೆ ಸುಮಾರು 2.5 ಮಿಲಿಮೀಟರ್ ಪೂರ್ತಿ ಹೋದರೂ ಸಿಡಿ ಅದನ್ನು ಚಾಚೂ ತಪ್ಪದೆ ತುಂಬಿಕೊಳ್ಳುತ್ತದೆ. ಅದಕ್ಕಿಂತ ಜಾಸ್ತಿ ಹೋದರೆ ಹಾಡಿನ ಸಿಡಿ ಅಕ್ಕಪಕ್ಕದ ಸದ್ದು ನೋಡಿ ಅಂದಾಜಿನಲ್ಲಿ ತೇಪೆ ಹಾಕುತ್ತದೆ. ನಮ್ಮ ಕಿವಿಗೆ ಅದು ಗೊತ್ತೂ ಆಗುವುದಿಲ್ಲ. ಅದನ್ನೂ ಮೀರಿದಾಗಲೇ ಜಿಗಿಯುವುದು, ತಡವರಿಸುವುದು.

ಈಗ ನಿಮ್ಮ ಸಿಡಿಗೆ ಬನ್ನಿ. ದೊಡ್ಡದೊಂದು ಗೀರನ್ನು ಯಂತ್ರ ಸವೆಸಿತು. ಬದಲಿಗೆ ಅಡ್ಡಡ್ಡ ನೂರಾರು ತೆಳು ಗೆರೆ ಬಿಟ್ಟಿತು. ಪ್ಲೇಯರಿಗೆ ಈ ವ್ಯಾಪಾರ ಲಾಭದ್ದೇ. ನೋಡಲು ಚೆನ್ನಾಗಿಲ್ಲ ಅಂತ ಮತ್ತೆ ಮತ್ತೆ ಯಂತ್ರಕ್ಕೆ ಹಾಕಬೇಡಿ. ಕನ್ನಡಿಯ ಹಾಗೆ ಹೊಳೆಯುವುದು ಹಾಡಿಗೆ ಬೇಕಿಲ್ಲ. ಯಂತ್ರದ ಜೊತೆ ಬಂದ ಮೆತ್ತನೆ ಬಟ್ಟೆಯಲ್ಲಿ ಕೊನೆಗೆ ಒಂದಿಷ್ಟು ಒರೆಸಿ ಬಿಡಿ.

ಪ್ರಶ್ನೆ: ಯಂತ್ರ ಬಳಸುವಾಗ ಕೊಟ್ಟಿರುವ ದ್ರವ ಮುಗಿಯಿತು. ಬರೀ ಚಕ್ರ ತಿರುಗಿಸಿದರೆ ಆಗುವುದಿಲ್ಲವೇ? ಒತ್ತಿ ಹಿಡಿದರೆ ಬೇಗ ಆಗುತ್ತದೆಯೇ?

ಎರಡೂ ಬೇಡ. ದ್ರವ ಇರುವುದು ಬಿಸಿ ಏರದಂತೆ ನೋಡಿಕೊಳ್ಳಲು, ಉದುರಿದ ಪುಡಿಯನ್ನು ತೇಲಿಸಿ ಹೊರಗೆ ತರಲು. ಒಣಗಿದ ಚಕ್ರದಡಿ ಆ ಪುಡಿ ಸಿಕ್ಕಿಕೊಂಡರೆ ಅದೇ ಹೊಸ ಗೀರು ಎಳೆಯುತ್ತದೆ. ದ್ರವ ಮುಗಿದರೆ ಅದೇ ಯಂತ್ರದ್ದು ತರಿಸಿ, ಬರುವತನಕ ಕಾಯಿರಿ. ಡಿಸ್ಕ್ ಎಲ್ಲೂ ಓಡಿಹೋಗುವುದಿಲ್ಲ.

ಚಕ್ರವನ್ನು ಆಗಾಗ ಬೆರಳಲ್ಲಿ ಮುಟ್ಟಿ ನೋಡಿ. ನುಣುಪಾಗಿದ್ದರೆ ಅದರ ಆಯಸ್ಸು ಮುಗಿದಿದೆ, ಬದಲಿಸಿ. ಒಂದೆಡೆ ಹರಿದಿದ್ದರೆ ಖಂಡಿತ ಬದಲಿಸಿ. ಹಿಡಿಯನ್ನು ಒಂದೇ ಹದದಲ್ಲಿ ತಿರುಗಿಸಿ. ಒಂದು ಜಾಗದಲ್ಲಿ ನಿಲ್ಲಿಸಿ ಉಜ್ಜಿದರೆ ಅಲ್ಲಿ ತಗ್ಗು ಬೀಳುತ್ತದೆ. ತಗ್ಗಿನಲ್ಲಿ ಲೇಸರ್ ಸರಿಯಾಗಿ ಕೂರುವುದಿಲ್ಲ. ಒಂದು ಸುತ್ತು ಹಾಕಿ, ತೊಳೆದು, ಪ್ಲೇಯರಿಗೆ ಹಾಕಿ ನೋಡಿ. ಸ್ವಲ್ಪವಾದರೂ ಸುಧಾರಿಸಿದ್ದರೆ ಇನ್ನೊಂದು ಸುತ್ತು. ಏನೇನೂ ಬದಲಾಗದಿದ್ದರೆ ಅಲ್ಲಿಗೆ ಬಿಡಿ. ಹಟ ಹಿಡಿದು ಉಜ್ಜಿದವರ ಡಿಸ್ಕುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಮಂಜು ಕವಿದ ಗಾಜು ಬಿಟ್ಟರೆ ಏನೂ ಉಳಿದಿರುವುದಿಲ್ಲ.

ಪ್ರಶ್ನೆ: ಬ್ಲೂ-ರೇ ಡಿಸ್ಕಿಗೂ ಇದೇ ಯಂತ್ರ ಆಗುತ್ತದೆಯೇ?

ಇಲ್ಲ. ಬ್ಲೂ-ರೇಯಲ್ಲಿ ಮಾಹಿತಿಯ ಮೇಲಿರುವ ಹೊದಿಕೆ 0.1 ಮಿಲಿಮೀಟರ್ ಮಾತ್ರ. ಸಿಡಿಯಲ್ಲಿ ಅದು 1.2 ಮಿಲಿಮೀಟರ್. ಉಜ್ಜಲು ಅಲ್ಲಿ ಜಾಗವೇ ಇಲ್ಲ. ಅದರ ಮೇಲೆ ಗಟ್ಟಿಯಾದ ಒಂದು ಲೇಪ ಇರುತ್ತದೆ, ಸಣ್ಣಪುಟ್ಟ ಉಜ್ಜಾಟಕ್ಕೆಲ್ಲ ಅದು ಜಗ್ಗುವುದಿಲ್ಲ. ಯಂತ್ರ ಆ ಲೇಪವನ್ನೇ ಕೆರೆದು ಹಾಕಿದರೆ ಮುಗಿಯಿತು ಕಥೆ. ತೊಳೆಯಿರಿ, ಒರೆಸಿ, ಬೇರೆ ಪ್ಲೇಯರಿನಲ್ಲಿ ನೋಡಿ. ಅಷ್ಟಕ್ಕೆ ಆಗದಿದ್ದರೆ ಹೊಸ ಡಿಸ್ಕೇ ಸರಿ.

ಪ್ರಶ್ನೆ: ಆಂಟಿ, ನಾನು ಒಂಬತ್ತನೇ ಕ್ಲಾಸು. ಗೇಮ್ ಓಡುತ್ತಿದ್ದಾಗ ತಂಗಿ ಕನ್ಸೋಲನ್ನು ಎತ್ತಿ ನಿಲ್ಲಿಸಿದಳು. ಡಿಸ್ಕಿನ ಮೇಲೆ ಕಾಂಪಸ್ಸಿನಲ್ಲಿ ಎಳೆದ ಹಾಗೆ ದುಂಡಗೆ ಗೀರು ಬಿದ್ದಿದೆ. ಅಪ್ಪನಿಗೆ ಹೇಳಿಲ್ಲ. ಯಂತ್ರ ಹಾಕಿದರೆ ಸರಿಹೋಗುತ್ತಾ?

ಪುಟ್ಟಾ, ಮೊದಲು ಉಗುರಿನ ತುದಿಯನ್ನು ಗೀರಿನ ಮೇಲೆ ಅಡ್ಡ ಎಳೆದು ನೋಡು. ಒತ್ತಬೇಡ. ಉಗುರು ಜಾರಿಕೊಂಡು ಹೋದರೆ ಮೇಲುಮೇಲಿನ ಗೀರು. ತಟಕ್ಕನೆ ಸಿಕ್ಕಿಕೊಂಡರೆ ಆಳದ್ದು. ತಿರುಗುವ ಡಿಸ್ಕ್ ಒಳಗೆ ತಗುಲಿ ಬಿದ್ದ ಗೀರು ಸಾಮಾನ್ಯವಾಗಿ ಆಳವೇ ಇರುತ್ತದೆ. ಮೇಲೆ ಹೇಳಿದೆನಲ್ಲ, ದುಂಡಗೆ ಸುತ್ತುವ ಗೀರು ಎಲ್ಲಕ್ಕಿಂತ ಕೆಟ್ಟದ್ದು.

ಗೇಮಿನಲ್ಲಿ ಇನ್ನೊಂದು ಕಷ್ಟ ಇದೆ. ಹಾಡಾದರೆ ಪ್ಲೇಯರ್ ಅಂದಾಜಿನಲ್ಲಿ ತೇಪೆ ಹಾಕಿ ಮುಂದೆ ಹೋಗುತ್ತದೆ. ಗೇಮ್ ಅಂದರೆ ಪ್ರೋಗ್ರಾಮ್, ಅಲ್ಲಿ ಅಂದಾಜು ನಡೆಯುವುದಿಲ್ಲ. ಒಂದು ಅಂಕಿ ತಪ್ಪಿದರೂ ಒಪ್ಪುವುದಿಲ್ಲ.

ನಿನ್ನ ಕನ್ಸೋಲ್ ಯಾವುದು ಅಂತ ಬರೆದಿಲ್ಲ. ಪ್ಲೇಸ್ಟೇಷನ್ 3 ಮತ್ತು ಅದರ ನಂತರದವು, ಎಕ್ಸ್‌ಬಾಕ್ಸ್ ಒನ್ ಮತ್ತು ಅದರ ನಂತರದವು ಬ್ಲೂ-ರೇ ಡಿಸ್ಕ್ ಬಳಸುತ್ತವೆ. ಆಗ ಹಿಂದಿನ ಉತ್ತರವೇ ನಿನಗೂ ಉತ್ತರ. ಪ್ಲೇಸ್ಟೇಷನ್ 2 ಅಥವಾ ಎಕ್ಸ್‌ಬಾಕ್ಸ್ 360 ಆದರೆ ಡಿಸ್ಕು ಡಿವಿಡಿ ಜಾತಿಯದ್ದು, ಒಂದು ಅವಕಾಶ ಇದೆ. ಆದರೆ ಆಳದ ಗೀರಿಗೆ ಮನೆಯ ಪುಟ್ಟ ಯಂತ್ರ ಸಾಲದು. ಇದೇ ಕೆಲಸ ಮಾಡುವ ಅಂಗಡಿಗಳಲ್ಲಿ ನೀರು ಹಾಯಿಸಿಕೊಂಡು ಉಜ್ಜುವ ದೊಡ್ಡ ಯಂತ್ರಗಳಿರುತ್ತವೆ. ಮೊದಲು ಒರಟು ಪ್ಯಾಡ್, ಆಮೇಲೆ ನಯದ್ದು, ಕೊನೆಗೆ ಪಾಲಿಶ್, ಹೀಗೆ ಹಂತ ಹಂತವಾಗಿ ಇಡೀ ಮೈಯನ್ನು ಸಮನಾಗಿ ಇಳಿಸುತ್ತವೆ. ಅಲ್ಲಿಗೆ ಕೊಡುವುದು ವಾಸಿ.

ಅದಕ್ಕೆ ದುಡ್ಡು ಬೇಕಲ್ಲ, ಹಾಗಾಗಿ ಅಪ್ಪನಿಗೆ ಹೇಳಲೇಬೇಕು. ತಂಗಿಯ ಹೆಸರು ಮೊದಲ ವಾಕ್ಯದಲ್ಲೇ ಬರದಿರಲಿ.

ಪ್ರಶ್ನೆ: ನಮ್ಮ ಡಿಸ್ಕಿನ ಕೆಳಮೈ ಹೊಸದರಂತಿದೆ. ಮೇಲೆ, ಹೆಸರು ಅಚ್ಚಾಗಿರುವ ಬದಿಯಲ್ಲಿ ಮಾತ್ರ ಚಾಕು ತಗುಲಿ ಗೀರಾಗಿದೆ. ಆದರೂ ಓಡುವುದಿಲ್ಲ. ಯಂತ್ರಕ್ಕೆ ತಲೆಕೆಳಗಾಗಿ ಹಾಕಬಹುದೇ?

ಅಯ್ಯೋ, ಖಂಡಿತ ಬೇಡ! ಸಿಡಿಯ ನಾಜೂಕು ಜಾಗ ಕೆಳಮೈ ಅಂತ ಎಲ್ಲರೂ ತಿಳಿದಿದ್ದಾರೆ. ನಿಜಕ್ಕೂ ನಾಜೂಕಾದದ್ದು ಮೇಲ್ಮೈ. ಬೆಳಕನ್ನು ವಾಪಸು ಕಳಿಸುವ ಅಲ್ಯೂಮಿನಿಯಮ್ ಪದರ ಇರುವುದು ಅಚ್ಚಾದ ಹೆಸರಿನ ಬೆನ್ನಿಗೇ. ನಡುವೆ ಇರುವುದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ತೆಳ್ಳಗಿನ ವಾರ್ನಿಶ್, ಅದರ ಮೇಲೆ ಶಾಯಿ. ಅಷ್ಟೇ ಕಾವಲು. ಚಾಕು ಅದನ್ನು ದಾಟಿದರೆ ಅಲ್ಯೂಮಿನಿಯಮ್ಮೇ ಕಿತ್ತು ಬರುತ್ತದೆ, ಅದರ ಜೊತೆ ಹಾಡೂ ಹೋಗುತ್ತದೆ.

ಡಿಸ್ಕನ್ನು ದೀಪಕ್ಕೆ ಹಿಡಿದು ನೋಡಿ. ಗೀರಿನ ಜಾಗದಲ್ಲಿ ಬೆಳಕು ತೂರಿ ಬಂದರೆ ಅಲ್ಲಿ ಓದಲು ಏನೂ ಉಳಿದಿಲ್ಲ. ಯಾವ ಯಂತ್ರವೂ ಅದನ್ನು ತರುವುದಿಲ್ಲ. ಉಳಿದ ಭಾಗವನ್ನು ನಕಲು ಮಾಡಿಕೊಳ್ಳಿ. ಡಿವಿಡಿಗೆ ಈ ಭಯ ಕಡಿಮೆ, ಅದರ ಪದರ ನಡುವೆ ಇರುತ್ತದೆ ಅಂತ ಮೊದಲೇ ಹೇಳಿದ್ದೇನೆ.

ಮಾತಿಗೆ ಮಾತು ಬಂತು, ಸಿಡಿಯ ಮೇಲೆ ಬಾಲ್‌ಪೆನ್ನಿನಲ್ಲಿ ಹೆಸರು ಬರೆಯಬೇಡಿ. ತುದಿ ಗಟ್ಟಿ ಇರುತ್ತದೆ, ಒತ್ತಿದರೆ ಇದೇ ಗತಿ. ಚೀಟಿಯನ್ನೂ ಅಂಟಿಸಬೇಡಿ, ಅಂಟಿಸಿದ್ದರೆ ಕೀಳಲು ಹೋಗಬೇಡಿ. ಚೀಟಿಯ ಜೊತೆ ಬೆಳ್ಳಿ ಬಣ್ಣವೂ ಎದ್ದು ಬಂದದ್ದನ್ನು ನಮ್ಮ ಕೌಂಟರಿಗೆ ತಂದುಕೊಟ್ಟು, ಮೊದಲೇ ಹೀಗಿತ್ತು ಅಂತ ವಾದಿಸಿದವರಿದ್ದಾರೆ.

ಪ್ರಶ್ನೆ: ಯಂತ್ರ ಯಾಕೆ, ಟೂತ್‌ಪೇಸ್ಟ್ ಸಾಕು ಅಂತ ಪಕ್ಕದ ಮನೆಯವರು ಹೇಳುತ್ತಾರೆ. ವ್ಯಾಸಲೀನ್ ಹಚ್ಚಿ, ಫ್ರೀಜರಿನಲ್ಲಿಡಿ ಅಂತಲೂ ಕೇಳಿದ್ದೇನೆ. ಇದರಲ್ಲಿ ಯಾವುದು ನಿಜ?

ಮೂರಕ್ಕೂ ಬೇರೆ ಬೇರೆ ಉತ್ತರ.

ಟೂತ್‌ಪೇಸ್ಟಿನಲ್ಲಿ ಹಲ್ಲು ಉಜ್ಜಲೆಂದೇ ನಯವಾದ ಪುಡಿ ಇರುತ್ತದೆ. ಅದು ಪ್ಲಾಸ್ಟಿಕ್ಕನ್ನೂ ಉಜ್ಜುತ್ತದೆ. ಅಂದರೆ ಯಂತ್ರ ಮಾಡುವ ಕೆಲಸವನ್ನೇ ಕೈಯಲ್ಲಿ, ತುಂಬ ನಿಧಾನವಾಗಿ ಮಾಡಿದಂತೆ. ತೆಳು ಗೀರಿಗೆ ಪರವಾಗಿಲ್ಲ. ಒದ್ದೆ ಬಟ್ಟೆಯಲ್ಲಿ ಸ್ವಲ್ಪ ತೆಗೆದುಕೊಂಡು ಆ ಗೀರಿನ ಮೇಲಷ್ಟೇ, ನಡುವಿನಿಂದ ಅಂಚಿನ ದಿಕ್ಕಿಗೆ ಉಜ್ಜಿ. ಪೂರ್ತಿ ತೊಳೆಯಿರಿ. ಯಂತ್ರಕ್ಕಿಂತ ಒಂದು ಅನುಕೂಲ ಇದರಲ್ಲಿದೆ. ಒಂದು ಗೀರಿಗಾಗಿ ಇಡೀ ಡಿಸ್ಕನ್ನು ಸವೆಸಬೇಕಾಗಿಲ್ಲ.

ವ್ಯಾಸಲೀನ್ ವಿಷಯ ಕೇಳಿದರೆ ನಿಮಗೆ ಆಶ್ಚರ್ಯ ಆದೀತು, ನನಗೆ ಅದು ಇಷ್ಟ. ಗೀರಿನೊಳಗೆ ಇರುವುದು ಗಾಳಿ. ಪ್ಲಾಸ್ಟಿಕ್ಕಿನಿಂದ ಗಾಳಿಗೆ ಹೋಗುವಾಗ ಬೆಳಕು ಸಿಕ್ಕಾಪಟ್ಟೆ ಬಾಗುತ್ತದೆ, ಲೇಸರ್ ದಾರಿ ತಪ್ಪುವುದು ಅಲ್ಲೇ. ವ್ಯಾಸಲೀನ್ ಬೆಳಕನ್ನು ಬಾಗಿಸುವುದು ಹೆಚ್ಚುಕಡಿಮೆ ಪ್ಲಾಸ್ಟಿಕ್ಕಿನಷ್ಟೇ. ಗೀರನ್ನು ಅದು ತುಂಬಿಕೊಂಡರೆ ಲೇಸರಿಗೆ ಗೀರು ಅಷ್ಟಾಗಿ ಕಾಣುವುದಿಲ್ಲ. ಒಂದು ಚೂರೂ ಪ್ಲಾಸ್ಟಿಕ್ ಸವೆಯುವುದಿಲ್ಲ, ಬೇಡ ಅಂದರೆ ತೊಳೆದು ತೆಗೆಯಬಹುದು. ಆದರೆ ಇದು ನಕಲು ಮಾಡಿಕೊಳ್ಳುವಷ್ಟು ಹೊತ್ತಿಗೆ ಮಾತ್ರ. ಗೀರಿಗೆ ಸವರಿ, ಮೇಲೆ ಉಳಿದದ್ದನ್ನು ಚೆನ್ನಾಗಿ ಒರೆಸಿ ಹಾಕಿ. ದಪ್ಪಗೆ ಬಿಟ್ಟರೆ ಡಿಸ್ಕ್ ಜೋರಾಗಿ ತಿರುಗುವಾಗ ಸಿಡಿದು ಡ್ರೈವಿನ ಲೆನ್ಸಿಗೆ ಮೆತ್ತಿಕೊಳ್ಳುತ್ತದೆ. ಮದುವೆ ಡಿವಿಡಿಯ ತಂಗಿ ಇದನ್ನೂ ಓದಿಕೊಳ್ಳಲಿ. ಯಂತ್ರಕ್ಕಿಂತ ಮುಂಚೆ ಈ ದಾರಿ ನೋಡಬಹುದು.

ಫ್ರೀಜರ್ ಬಿಡಿ. ಅಲ್ಲಿಂದ ತೆಗೆದಾಗ ಮೈ ತುಂಬ ನೀರು ಕೂರುತ್ತದೆ, ಇನ್ನೇನೂ ಆಗುವುದಿಲ್ಲ.

ಯಾರೂ ಕೇಳಿಲ್ಲದಿದ್ದರೂ ಹೇಳಿಬಿಡುತ್ತೇನೆ. ಉಗುರಿನ ಬಣ್ಣ ತೆಗೆಯುವ ಅಸಿಟೋನ್, ಬಣ್ಣಕ್ಕೆ ಹಾಕುವ ಥಿನ್ನರ್, ಇವನ್ನು ಡಿಸ್ಕಿನ ಹತ್ತಿರವೂ ತರಬೇಡಿ. ಡಿಸ್ಕಿನ ಪ್ಲಾಸ್ಟಿಕ್ ಪಾಲಿಕಾರ್ಬೊನೇಟ್. ಇವು ತಗುಲಿದರೆ ಮೈ ಬಿಳುಚಿ ಬಿರಿಯುತ್ತದೆ.

ಪ್ರಶ್ನೆ: ನನ್ನ ಹತ್ತಿರ ಡ್ರಿಲ್ ಇದೆ. ಅದಕ್ಕೆ ಪಾಲಿಶ್ ಮಾಡುವ ಬಫ್ ಸಿಕ್ಕಿಸಿ ಉಜ್ಜಿದರೆ ಯಂತ್ರದ ಖರ್ಚು ಉಳಿಯುತ್ತದೆ ಅಲ್ವಾ?

ಖರ್ಚು ಉಳಿಯುತ್ತದೆ, ಡಿಸ್ಕ್ ಉಳಿಯುವುದಿಲ್ಲ. ಪಾಲಿಕಾರ್ಬೊನೇಟ್ 147 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆತ್ತಗಾಗುತ್ತದೆ. ಒಣ ಬಫ್ ಜೋರಾಗಿ ತಿರುಗುತ್ತಾ ಒಂದೇ ಕಡೆ ನಿಂತರೆ ಆ ಬಿಸಿ ಬರಲು ಹೆಚ್ಚು ಹೊತ್ತು ಬೇಡ. ಡಿಸ್ಕ್ ಸ್ವಲ್ಪ ಸೊಟ್ಟಗಾದರೂ ಸಾಕು, ಲೇಸರಿಗೆ ಚುಕ್ಕಿ ಹಿಡಿಯಲು ಆಗುವುದಿಲ್ಲ. ಗೀರಾದರೂ ಹೋದೀತು, ಸೊಟ್ಟ ಹೋಗುವುದಿಲ್ಲ.

ಪ್ರಶ್ನೆ: ನಡುವಿನ ತೂತಿನ ಹತ್ತಿರ, ಒಳಸುತ್ತಿನಲ್ಲಿ ಒಂದೇ ಒಂದು ಗೀರು. ಉಳಿದೆಲ್ಲ ಹೊಳೆಯುತ್ತಿದೆ. ಆದರೂ ಪ್ಲೇಯರ್ "ಡಿಸ್ಕ್ ಇಲ್ಲ" ಅನ್ನುತ್ತದೆ. ಇಷ್ಟು ಚಿಕ್ಕ ಗೀರಿಗೆ ಇಷ್ಟು ದೊಡ್ಡ ರಂಪವೇ?

ಆ ಜಾಗವೇ ಅಂಥದ್ದು. ಡಿಸ್ಕ್ ಹಾಕಿದ ಕೂಡಲೇ ಪ್ಲೇಯರ್ ಮೊದಲು ಓದುವುದು ಒಳಸುತ್ತನ್ನು. ಎಷ್ಟು ಹಾಡು, ಯಾವುದು ಎಲ್ಲಿ ಶುರು ಎಂಬ ಪರಿವಿಡಿ ಅಲ್ಲಿರುತ್ತದೆ. ಅದು ಸಿಗದಿದ್ದರೆ ಒಳಗೆ ಡಿಸ್ಕೇ ಇಲ್ಲ ಅಂತ ತೀರ್ಮಾನ ಮಾಡಿಬಿಡುತ್ತದೆ. ಹಾಡುಗಳೆಲ್ಲ ಭದ್ರವಾಗಿರುತ್ತವೆ, ಬಾಗಿಲು ಮಾತ್ರ ತೆರೆಯುತ್ತಿಲ್ಲ. ಇಂಥ ಡಿಸ್ಕಿಗೆ ಯಂತ್ರ ಅಥವಾ ಟೂತ್‌ಪೇಸ್ಟ್ ನಿಜಕ್ಕೂ ಸಾರ್ಥಕ, ಪರಿವಿಡಿ ಸಿಕ್ಕರೆ ಎಲ್ಲವೂ ಸಿಕ್ಕಂತೆ. ಉಜ್ಜುವ ಪ್ಯಾಡ್ ಅಷ್ಟು ಒಳಗಿನವರೆಗೆ ಮುಟ್ಟುತ್ತದೆಯೇ ಅಂತ ಮೊದಲು ನೋಡಿಕೊಳ್ಳಿ.

ಆದರೆ ಅದು ಗೀರೇ, ಬಿರುಕೇ? ತೂತಿನ ಅಂಚಿನಿಂದ ಹೊರಟಿದ್ದರೆ ಬಿರುಕು ಇರಬಹುದು. ಬಿರುಕಾದರೆ ಯಂತ್ರಕ್ಕೂ ಹಾಕಬೇಡಿ, ಕಂಪ್ಯೂಟರಿಗೂ ಹಾಕಬೇಡಿ. 52 ಪಟ್ಟು ವೇಗದ ಡ್ರೈವಿನಲ್ಲಿ ಡಿಸ್ಕ್ ನಿಮಿಷಕ್ಕೆ 10,000 ಸುತ್ತಿನ ಆಸುಪಾಸಿಗೆ ಹೋಗುತ್ತದೆ. ಬಿರುಕು ಬಿಟ್ಟದ್ದು ಅಲ್ಲೇ ಚೂರಾಗಿ ಡ್ರೈವನ್ನೂ ಹಾಳು ಮಾಡೀತು.

ಪ್ರಶ್ನೆ: ನಮ್ಮ ಮನೆಯ ಎಲ್ಲ ಸಿಡಿಗಳೂ ಜಿಗಿಯುತ್ತಿವೆ. ಎಲ್ಲವನ್ನೂ ಯಂತ್ರಕ್ಕೆ ಹಾಕಿ ಮುಗಿಸಲೇ?

ಎಲ್ಲವೂ ಒಟ್ಟಿಗೆ ಕೆಟ್ಟಿವೆ ಅಂದರೆ ಸಿಡಿಗಳನ್ನು ಬಿಟ್ಟು ಪ್ಲೇಯರನ್ನು ನೋಡಿ. ಲೆನ್ಸಿನ ಮೇಲೆ ಧೂಳು ಕೂತಿರುತ್ತದೆ. ಲೆನ್ಸ್ ಒರೆಸಲೆಂದೇ ಸಣ್ಣ ಕುಂಚ ಇರುವ ಡಿಸ್ಕ್ ಸಿಗುತ್ತದೆ, ಅದನ್ನು ಹಾಕಿ. ಒಂದು ಸಿಡಿಯನ್ನು ಬೇರೆಯವರ ಪ್ಲೇಯರಿನಲ್ಲಿ ಹಾಕಿ ನೋಡಿದರೆ ಐದೇ ನಿಮಿಷದಲ್ಲಿ ಇದು ಇತ್ಯರ್ಥವಾಗುತ್ತದೆ.

ಪ್ರಶ್ನೆ: ನನ್ನ ಹತ್ತಿರ ಗ್ರಾಮಫೋನ್ ರೆಕಾರ್ಡುಗಳೂ ಇವೆ. 12 ಇಂಚಿನವು, ಗೀರುಗಳು ಬೇಕಾದಷ್ಟು. ಮನೆಯ ಯಂತ್ರದಲ್ಲಿ ಕೂರುತ್ತಿಲ್ಲ. ಇದಕ್ಕಿಂತ ದೊಡ್ಡ ಯಂತ್ರ ಸಿಗುತ್ತದೆಯೇ?

ಕೂರದೆ ಇದ್ದದ್ದೇ ಪುಣ್ಯ, ಸ್ವಾಮೀ! ಸಿಡಿಯಲ್ಲಿ ಹಾಡು ಪ್ಲಾಸ್ಟಿಕ್ಕಿನ ಆಚೆ ಬದಿಗಿದೆ, ಈಚೆ ಬದಿಯನ್ನು ಸ್ವಲ್ಪ ಉಜ್ಜಿದರೆ ನಡೆಯುತ್ತದೆ. ರೆಕಾರ್ಡಿನಲ್ಲಿ ಮೇಲೆ ಕಾಣುವ ಗೆರೆಗಳೇ ಹಾಡು. ಮುಳ್ಳು ಓಡುವುದು ಅದರೊಳಗೇ. ಯಂತ್ರ ಅದನ್ನು ಉಜ್ಜಿದರೆ ಗೀರಿನ ಜೊತೆ ಗಾಯಕರೂ ಹೋಗುತ್ತಾರೆ.

ರೆಕಾರ್ಡನ್ನು ಶುಚಿ ಮಾಡಿ, ನುಡಿಸಿ, ಕಂಪ್ಯೂಟರಿಗೆ ಮುದ್ರಿಸಿಕೊಳ್ಳಿ. ಟಕ್ ಟಕ್ ಸದ್ದನ್ನು ತೆಗೆಯುವ ಸೌಲಭ್ಯ ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿದೆ. ಸಿಡಿ ಯಂತ್ರದ ಜೊತೆ ಬಂದ ದ್ರವವನ್ನು ಮಾತ್ರ ಒಂದು ರೆಕಾರ್ಡಿಗೆ ಸವರಿ ನೋಡಿದೆ ಅಂತ ಪತ್ರದ ಕೊನೆಗೆ ಬರೆದಿದ್ದೀರಿ. ಅದನ್ನು ಈಗಲೇ ತೊಳೆಯಿರಿ, ನಡುವಿನ ಕಾಗದಕ್ಕೆ ನೀರು ತಾಗದ ಹಾಗೆ.